ಫ್ಲಾನನ್ ಐಲ್ಸ್ ಲೈಟ್‌ಹೌಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡ್‌ನ ಈ ಲೈಟ್‌ಹೌಸ್ ಹೆಸರು ಬಂದ ತಕ್ಷಣ ಎಲ್ಲರೂ ಕೇಳೋದು ಒಂದೇ, "ಮೂರು ಜನ ಮಾಯ ಆದ್ರಲ್ಲ, ಅದೇನಾ?" ಅಂತ. ಹೌದು, ಅದೇ, 1900ರಲ್ಲಿ ಅಲ್ಲಿ ಕೆಲಸಕ್ಕಿದ್ದ ಮೂವರು ಕೀಪರ್‌ಗಳು, ಅಂದ್ರೆ ದೀಪ ನೋಡ್ಕೊಳ್ಳೋರು, ಕಾಣೆಯಾದ ಜಾಗ. ಆದ್ರೆ ವಿಡಿಯೋಗಳಲ್ಲಿ, ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಸುತ್ತಾಡೋ ಕಥೆಯಲ್ಲಿ ಅರ್ಧಕ್ಕರ್ಧ ಆಮೇಲೆ ಯಾರ್ಯಾರೋ ಸೇರಿಸಿದ್ದು. ಆ ಮೂವರೂ ಸಂಬಳಕ್ಕೆ ದುಡೀತಿದ್ದ ಮನುಷ್ಯರು, ಇಬ್ಬರಿಗೆ ಹೆಂಡ್ತಿ ಮಕ್ಕಳಿದ್ರು. ಅವರ ಬಗ್ಗೆ ಆಗಿನ ದಾಖಲೆ ಏನು ಹೇಳತ್ತೋ ಅದನ್ನ ನೆಟ್ಟಗೆ ಹೇಳೋಣ ಅಂತ ಇಷ್ಟು ಬರೆದಿದ್ದೀನಿ, ಸ್ವಲ್ಪ ಉದ್ದ ಆಗಿದೆ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿದ್ರೂ ಸರಿ.

ಪ್ರಶ್ನೆ: ಈ ಜಾಗ ಇರೋದು ಎಲ್ಲಿ?

ಸ್ಕಾಟ್ಲೆಂಡ್‌ನ ವಾಯುವ್ಯಕ್ಕೆ ಔಟರ್ ಹೆಬ್ರಿಡೀಸ್ ಅಂತ ದ್ವೀಪಗಳ ಸಾಲಿದೆ, ಅದರಲ್ಲಿ ಲೂಯಿಸ್ ಅನ್ನೋದು ದೊಡ್ಡದು. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 32 ಕಿಲೋಮೀಟರ್ ಸಮುದ್ರದೊಳಗೆ ಹೋದ್ರೆ ಫ್ಲಾನನ್ ದ್ವೀಪಗಳು ಸಿಗ್ತಾವೆ. ಮುಖ್ಯವಾಗಿ ಏಳು, ಅದಕ್ಕೇ ಅವಕ್ಕೆ ಸೆವೆನ್ ಹಂಟರ್ಸ್ ಅಂತಲೂ ಹೆಸರು. ಏಳರಲ್ಲಿ ದೊಡ್ಡದು ಈಲನ್ ಮೋರ್. ದೊಡ್ಡದು ಅಂದ್ರೂ 40 ಎಕರೆ ಆಸುಪಾಸು ಅಷ್ಟೇ. ಸುತ್ತಲೂ ಕಡಿದಾದ ಬಂಡೆ, ಮೇಲೆ ಮಾತ್ರ ಹುಲ್ಲು. ಮರ ಅನ್ನೋದೇ ಇಲ್ಲ.

ಪ್ರಶ್ನೆ: ಅಲ್ಲಿ ಮೊದಲಿಂದ್ಲೂ ಯಾರೂ ಇರ್ಲಿಲ್ವಾ?

ಖಾಯಂ ಊರು ಅಂತ ಇರ್ಲಿಲ್ಲ. ಒಂದು ಪುಟ್ಟ ಕಲ್ಲಿನ ಪ್ರಾರ್ಥನಾ ಮಂದಿರದ ಅವಶೇಷ ಇದೆ, 7ನೇ ಶತಮಾನದ ಐರಿಷ್ ಸಂತ ಫ್ಲಾನನ್ ಹೆಸರಿಂದು, ದ್ವೀಪಗಳಿಗೂ ಅವನದ್ದೇ ಹೆಸರು. ಲೂಯಿಸ್ ಕಡೆ ರೈತರು ದೋಣೀಲಿ ಕುರಿ ತಂದು ಇಲ್ಲಿ ಮೇಯಕ್ಕೆ ಬಿಡ್ತಿದ್ರು, ಪಫಿನ್ ಥರದ ಕಡಲ ಹಕ್ಕಿಗಳು ಸಾವಿರಗಟ್ಟಲೆ ಗೂಡು ಮಾಡ್ತಾವೆ. ಅಷ್ಟೇ.

ಪ್ರಶ್ನೆ: ಜನಾನೇ ಇಲ್ಲದ ಕಡೆ ಲೈಟ್‌ಹೌಸ್ ಯಾಕೆ ಬೇಕಿತ್ತು?

ಲೈಟ್‌ಹೌಸ್ ಬೇಕಾಗಿರೋದು ದಡದಲ್ಲಿರೋರಿಗಲ್ಲ ಅಲ್ವಾ, ಹಡಗಲ್ಲಿ ಇರೋರಿಗೆ. ಅಮೆರಿಕದಿಂದ ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡ್‌ನ ಉತ್ತರದ ತುದಿ ಸುತ್ಕೊಂಡು ಪೂರ್ವದ ಬಂದರುಗಳಿಗೆ ಹೋಗೋ ಹಡಗುಗಳಿಗೆ ಈ ಬಂಡೆಗಳು ದಾರೀಲೇ ಸಿಗ್ತಾವೆ. ವಾರಗಟ್ಟಲೆ ಬರೀ ನೀರು ನೋಡ್ಕೊಂಡು ಬಂದ ಹಡಗಿಗೆ ರಾತ್ರಿ, ಮಂಜು, ಮಳೆ ಮಧ್ಯೆ ಈ ಏಳು ಬಂಡೆ ಎದುರಿಗೆ ಬಂದ್ರೆ ಕಥೆ ಮುಗೀತು. ಇಲ್ಲೊಂದು ದೀಪ ಇದ್ರೆ ಬಂಡೆಯಿಂದ ದೂರ ಇರಬಹುದು, ಜೊತೆಗೆ ತಾವು ಎಲ್ಲಿದ್ದೀವಿ ಅನ್ನೋದೂ ಗೊತ್ತಾಗತ್ತೆ.

ಪ್ರಶ್ನೆ: ಯಾರು ಕಟ್ಟಿದ್ದು?

ಸ್ಕಾಟ್ಲೆಂಡ್‌ನ ಲೈಟ್‌ಹೌಸ್‌ಗಳನ್ನೆಲ್ಲ ನೋಡ್ಕೊಳ್ಳೋ ಸಂಸ್ಥೆ ನಾರ್ದರ್ನ್ ಲೈಟ್‌ಹೌಸ್ ಬೋರ್ಡ್. ಅದರ ಎಂಜಿನಿಯರ್ ಡೇವಿಡ್ ಆಲನ್ ಸ್ಟೀವನ್‌ಸನ್ ಡಿಸೈನ್ ಮಾಡಿದ್ದು. ಅಪ್ಪ, ತಾತ, ದೊಡ್ಡಪ್ಪ, ತಮ್ಮ ಅಂತ ಮೂರು ತಲೆಮಾರು ಲೈಟ್‌ಹೌಸ್ ಕಟ್ಟಿದ ಮನೆತನ ಅದು. 1895ರಲ್ಲಿ ಕೆಲಸ ಶುರುವಾಗಿ, ಎರಡು ವರ್ಷದಲ್ಲಿ ಮುಗಿಬೇಕಾಗಿದ್ದು ನಾಲ್ಕು ವರ್ಷ ಹಿಡೀತು, 1899ರ ಡಿಸೆಂಬರ್ 7ಕ್ಕೆ ಮೊದಲ ಸಲ ದೀಪ ಹಚ್ಚಿದ್ರು. ಗುತ್ತಿಗೆದಾರ ರದರ್‌ಗ್ಲೆನ್ ಊರಿನ ಜಾರ್ಜ್ ಲಾಸನ್. ಗೋಪುರ, ಇಳಿದಾಣ (ದೋಣಿಯಿಂದ ಇಳಿಯೋ ಜಾಗ), ಮೆಟ್ಟಿಲು ಎಲ್ಲ ಸೇರಿ 6,914 ಪೌಂಡ್ ಖರ್ಚು, ಅದರ ಮೇಲೆ ಲೂಯಿಸ್‌ನ ಬ್ರೇಸ್‌ಕ್ಲೀಟ್ ಅನ್ನೋ ಊರಲ್ಲಿ ಕೀಪರ್‌ಗಳ ಸಂಸಾರಕ್ಕೆ ಅಂತ ಕಟ್ಟಿದ ಮನೆಗಳಿಗೆ ಇನ್ನೊಂದು 3,526 ಪೌಂಡ್.

ಗೋಪುರದ ಎತ್ತರ 23 ಮೀಟರ್, ಕೇಳಿದ್ರೆ ಅಂಥಾ ಭಾರಿ ಏನಲ್ಲ ಅನ್ಸತ್ತೆ. ಆದ್ರೆ ನಿಂತಿರೋದು ದ್ವೀಪದ ನೆತ್ತಿ ಮೇಲೆ, ಹಾಗಾಗಿ ದೀಪ ಸಮುದ್ರಮಟ್ಟದಿಂದ 100 ಮೀಟರ್ ಮೇಲಿದೆ. ಕಷ್ಟ ಇದ್ದದ್ದು ಕಟ್ಟೋದ್ರಲ್ಲಿ ಅಲ್ಲ, ಸಾಮಾನು ಮೇಲೆ ಹತ್ತಿಸೋದ್ರಲ್ಲಿ. ಕಲ್ಲು, ಮರ, ಕಬ್ಬಿಣ, ಲೆನ್ಸು, ಪ್ರತಿಯೊಂದೂ ತೂಗಾಡೋ ದೋಣಿಯಿಂದ ಎತ್ತಿ ಸುಮಾರು 45 ಮೀಟರ್ ಬಂಡೆಗೋಡೆ ಹತ್ತಬೇಕು. ಅಲೆ ಜೋರಿದ್ರೆ ದೋಣಿ ಹತ್ತಿರಾನೂ ಬರೋ ಹಾಗಿಲ್ಲ, ವಾಪಸ್ ಹೋಗಿ ಇನ್ನೊಂದಿನ ಬರಬೇಕು. ನಾಲ್ಕು ವರ್ಷದ ಲೆಕ್ಕ ಅದೇ. ಅಲೆ, ಗಾಳಿ ಯಾವ ಕಡೆಯಿಂದ ಇದೆ ನೋಡ್ಕೊಂಡು ಇಳೀಲಿ ಅಂತ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಎರಡು ಇಳಿದಾಣ ಮಾಡಿದ್ರು. ಆಮೇಲೆ ಸಾಮಾನು ಸಾಗಿಸೋಕೆ ಪುಟ್ಟದೊಂದು ಹಳಿ ದಾರಿ ಹಾಕಿದ್ರು, ಗೋಪುರದ ಪಕ್ಕದ ಶೆಡ್‌ನಲ್ಲಿದ್ದ ಸ್ಟೀಮ್ ಎಂಜಿನ್ನು ಹಗ್ಗದಿಂದ ಗಾಡೀನ ಮೇಲಕ್ಕೆ ಎಳೀತಿತ್ತು. ಎರಡೂ ಕಡೆ ಹಳಿ ಕೂಡೋ ಜಾಗಕ್ಕೆ ಕೀಪರ್‌ಗಳು ಲಂಡನ್ನಿನ ಗಿಜಿಗುಡೋ ಸ್ಟೇಷನ್ ಹೆಸರು ತಗೊಂಡು ಕ್ಲಾಪಮ್ ಜಂಕ್ಷನ್ ಅಂತ ಕರೀತಿದ್ರಂತೆ. ಈ ವಿಷಯ ನನಗೆ ತುಂಬಾ ಇಷ್ಟ, ಮೂರೇ ಜನ ಇರೋ ಜಾಗಕ್ಕೆ ಆ ಹೆಸರು ಇಟ್ಕೊಂಡು ದಿನ ದೂಡಿದ ಜನ ಅವರು.

ಪ್ರಶ್ನೆ: ಕರೆಂಟ್ ಇಲ್ಲದ ಕಾಲದಲ್ಲಿ ಅಷ್ಟು ಬೆಳಕು ಹೇಗೆ ಬರ್ತಿತ್ತು?

ಸೀಮೆಎಣ್ಣೆ ದೀಪ, ಸುತ್ತ ಪಟ್ಟಕಗಳನ್ನ ಜೋಡಿಸಿದ ದೊಡ್ಡ ಗಾಜಿನ ಲೆನ್ಸು. ದೀಪದ ಬೆಳಕು ಎಲ್ಲಾ ಕಡೆ ಚೆಲ್ಲಿ ಹೋಗದೆ ಒಂದೇ ಕಿರಣವಾಗಿ ಕಡಲ ಕಡೆ ಹೋಗೋ ಹಾಗೆ ಲೆನ್ಸ್ ಮಾಡತ್ತೆ, ಲೆನ್ಸ್ ತಿರುಗ್ತಾ ಇದ್ರೆ ದೂರದಲ್ಲಿರೋರಿಗೆ ಮಿಂಚಿ ಮಾಯ ಆದ ಹಾಗೆ ಕಾಣತ್ತೆ. ಫ್ಲಾನನ್‌ದು ಅರ್ಧ ನಿಮಿಷಕ್ಕೊಮ್ಮೆ ಬೆನ್ನು ಬೆನ್ನಿಗೆ ಎರಡು ಮಿಂಚು. ಪ್ರತಿ ಲೈಟ್‌ಹೌಸಿಗೂ ಬೇರೆ ಬೇರೆ ಲೆಕ್ಕ ಇರತ್ತೆ, ಕ್ಯಾಪ್ಟನ್ ಎಣಿಸಿ ನೋಡಿ ಇದು ಇಂಥದ್ದೇ ಅಂತ ಗುರುತು ಹಿಡೀತಾನೆ. ಲೆನ್ಸ್ ತಿರುಗಿಸೋಕೆ ಗೋಡೆ ಗಡಿಯಾರದ ಥರ ಕೀಲಿ ಕೊಡೋ ಯಂತ್ರ, ಭಾರ ನಿಧಾನಕ್ಕೆ ಇಳೀತಾ ಹೋಗತ್ತೆ, ಇಳಿದ್ಮೇಲೆ ಮತ್ತೆ ಕೈಯಲ್ಲಿ ತಿರುವಿ ಮೇಲೇರಿಸಬೇಕು. ರಾತ್ರಿಯಿಡೀ. ಅದಕ್ಕೇ ಪಾಳಿ, ಅದಕ್ಕೇ ಯಾರಾದ್ರೂ ಒಬ್ಬರು ಯಾವಾಗಲೂ ಎದ್ದಿರಲೇಬೇಕು. ಬೆಳಗಾದ್ಮೇಲೆ ದೀಪ ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬಿಸಿ, ಬಿಸಿಲು ಲೆನ್ಸ್ ಮೇಲೆ ಬೀಳದ ಹಾಗೆ ಪರದೆ ಎಳೆದು ಸಂಜೆಗೆ ರೆಡಿ ಮಾಡಿಡಬೇಕು. ಈ ಬೆಳಗಿನ ಕೆಲಸ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಪ್ರಶ್ನೆ: ಎಷ್ಟು ಜನ ಇರ್ತಿದ್ರು, ಎಷ್ಟು ದಿನ?

ಒಟ್ಟು ನಾಲ್ಕು ಜನ ಕೀಪರ್‌ಗಳು, ದ್ವೀಪದ ಮೇಲೆ ಒಂದು ಹೊತ್ತಿಗೆ ಮೂವರು. ಆರು ವಾರ ಡ್ಯೂಟಿ, ಆಮೇಲೆ ಎರಡು ವಾರ ಬ್ರೇಸ್‌ಕ್ಲೀಟ್‌ನಲ್ಲಿ ಮನೆ. ಹೆಸ್ಪೆರಸ್ ಅನ್ನೋ ಹಡಗು ಎರಡು ವಾರಕ್ಕೊಂದ್ಸಲ ಒಬ್ಬರನ್ನ ಬಿಟ್ಟು ಒಬ್ಬರನ್ನ ಕರ್ಕೊಂಡು ಹೋಗ್ತಿತ್ತು, ಸಮುದ್ರ ಒಪ್ಪಿದ್ರೆ.

ಪ್ರಶ್ನೆ: ಏನಾದ್ರೂ ಆದ್ರೆ ದಡಕ್ಕೆ ತಿಳಿಸೋದು ಹೇಗೆ?

ಇದೇ ನನ್ನ ಹೊಟ್ಟೆ ಉರಿಸೋ ವಿಷಯ. ಫೋನ್ ಇಲ್ಲ, ವೈರ್‌ಲೆಸ್ ಇಲ್ಲ. ಲೂಯಿಸ್‌ನ ಊಯಿಗ್ ಕಡೆ ರೋಡ್ರಿಕ್ ಮೆಕೆಂಜಿ ಅನ್ನೋ ಬೇಟೆಗಾಡಿನ ಕಾವಲುಗಾರನಿಗೆ ವರ್ಷಕ್ಕೆ 8 ಪೌಂಡ್ ಕೊಟ್ಟು, ದಿನಾ ರಾತ್ರಿ ದೀಪ ಕಾಣತ್ತಾ ನೋಡು, ಏನಾದ್ರೂ ಸಿಗ್ನಲ್ ಇದ್ರೆ ಹೇಳು ಅಂತ ನೇಮಿಸಿದ್ರು, ಅಷ್ಟೇ ವ್ಯವಸ್ಥೆ. 32 ಕಿಲೋಮೀಟರ್ ದೂರ, ಮಂಜು ಕವಿದ್ರೆ ಏನೂ ಕಾಣಲ್ಲ. ಅವನ ಲೆಕ್ಕದಲ್ಲಿ 1900ರ ಡಿಸೆಂಬರ್ 7ಕ್ಕೆ ದೀಪ ಕಂಡಿತ್ತು, 8ರಿಂದ 11ರವರೆಗೆ ಕಾಣ್ಲಿಲ್ಲ, 12ಕ್ಕೆ ಕಂಡಿತು, ಆಮೇಲೆ 26ರವರೆಗೆ ಮತ್ತೆ ಕಾಣಲೇ ಇಲ್ಲ. ಹವಾ ಕೆಟ್ಟಾಗ ಕಾಣದೇ ಇರೋದು ಮಾಮೂಲು ಆಗಿತ್ತು, ಹಾಗಾಗಿ ದೀಪ ಆರಿದೆಯಾ ಮಂಜು ಮುಚ್ಚಿದೆಯಾ ಅಂತ ದಡದಲ್ಲಿ ನಿಂತವನಿಗೆ ಗೊತ್ತಾಗೋ ದಾರಿ ಇರ್ಲಿಲ್ಲ. ವೈರ್‌ಲೆಸ್ ಬಂದಿದ್ದು 1925ರಲ್ಲಿ.

ಪ್ರಶ್ನೆ: ಸರಿ, 1900ರ ಡಿಸೆಂಬರ್‌ನಲ್ಲಿ ಏನಾಯ್ತು?

ಆಗ ದ್ವೀಪದ ಮೇಲಿದ್ದೋರು ಮೂವರು. ಮುಖ್ಯಸ್ಥ ಜೇಮ್ಸ್ ಡಕಟ್, 43 ವರ್ಷ, ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಕೆಲಸದಲ್ಲಿದ್ದವನು. ಸಹಾಯಕ ಥಾಮಸ್ ಮಾರ್ಷಲ್, 28. ಮೂರನೆಯವನು ಡೊನಾಲ್ಡ್ ಮೆಕಾರ್ಥರ್, 40, ಇವನು ಖಾಯಂ ನೌಕರ ಅಲ್ಲ, ವಿಲಿಯಂ ರಾಸ್ ಅನ್ನೋ ಕೀಪರ್‌ಗೆ ಹುಷಾರಿಲ್ಲ ಅಂತ ಬದಲಿಗೆ ಬಂದಿದ್ದವನು. ನಾಲ್ಕನೆಯವನು ಜೋಸೆಫ್ ಮೂರ್, ರಜೆ ಮೇಲೆ ದಡದಲ್ಲಿದ್ದ. ಡಿಸೆಂಬರ್ 7ಕ್ಕೆ ಬೋರ್ಡಿನ ಸೂಪರಿಂಟೆಂಡೆಂಟ್ ರಾಬರ್ಟ್ ಮ್ಯೂರ್‌ಹೆಡ್ ದ್ವೀಪಕ್ಕೆ ಹೋಗಿ ಎಲ್ಲಾ ನೋಡಿ, ಮೂವರ ಕೈ ಕುಲುಕಿ ವಾಪಸ್ ಬಂದಿದ್ರು.

15ರ ರಾತ್ರಿ ಅಮೆರಿಕದ ಫಿಲಡೆಲ್ಫಿಯಾದಿಂದ ಸ್ಕಾಟ್ಲೆಂಡ್‌ನ ಲೀತ್ ಬಂದರಿಗೆ ಹೋಗ್ತಿದ್ದ ಆರ್ಕ್ಟರ್ ಅನ್ನೋ ಸ್ಟೀಮರ್ ಆ ಕಡೆಯಿಂದ ಹಾದು ಹೋಯ್ತು, ದೀಪ ಉರೀತಾ ಇಲ್ಲ ಅಂತ ಗಮನಿಸಿದ್ರು. 18ಕ್ಕೆ ಲೀತ್ ಮುಟ್ಟಿದ್ರು. ಆದ್ರೆ ಆ ಸುದ್ದಿ ಲೈಟ್‌ಹೌಸ್ ಬೋರ್ಡಿಗೆ ಹೋಗಲೇ ಇಲ್ಲ. 20ಕ್ಕೆ ಹೊರಡಬೇಕಿದ್ದ ಹೆಸ್ಪೆರಸ್ ಹವಾ ಕೆಟ್ಟಿದ್ರಿಂದ ಹೊರಡೋಕೆ ಆಗದೆ, ಕ್ರಿಸ್ಮಸ್ ಕಳೆದು 26ರ ಮಧ್ಯಾಹ್ನ ದ್ವೀಪ ಮುಟ್ಟಿತು. ಮಾಮೂಲಾಗಿ ಹಡಗು ಕಂಡ ತಕ್ಷಣ ಬಾವುಟ ಏರಿಸ್ತಾರೆ, ಖಾಲಿ ಪೆಟ್ಟಿಗೆಗಳನ್ನ ಇಳಿದಾಣಕ್ಕೆ ತಂದಿಟ್ಟಿರ್ತಾರೆ, ಕೆಳಗೆ ಬಂದು ಕಾಯ್ತಿರ್ತಾರೆ. ಅವತ್ತು ಯಾವುದೂ ಇಲ್ಲ. ಕ್ಯಾಪ್ಟನ್ ಜೇಮ್ಸ್ ಹಾರ್ವಿ ಸೀಟಿ ಊದಿಸಿದ, ರಾಕೆಟ್ ಹಾರಿಸಿದ, ಉತ್ತರ ಇಲ್ಲ. ಕೊನೆಗೆ ಮೂರ್ ಒಬ್ಬನೇ ಇಳಿದು ಮೇಲೆ ಹತ್ತಿ ಹೋದ.

ಪ್ರಶ್ನೆ: ಒಳಗೆ ಅವನಿಗೆ ಏನು ಕಂಡಿತು?

ಗೇಟು ಹಾಕಿತ್ತು, ಹೊರಬಾಗಿಲು ಹಾಕಿತ್ತು. ಅಡುಗೆಮನೆ ಒಲೇಲಿ ಎಷ್ಟೋ ದಿನದಿಂದ ಬೆಂಕಿ ಹಚ್ಚಿಲ್ಲ ಅನ್ನೋದು ನೋಡಿದ್ರೇ ಗೊತ್ತಾಗ್ತಿತ್ತು. ಗಡಿಯಾರ ನಿಂತು ಹೋಗಿತ್ತು. ಹಾಸಿಗೆಗಳು ಖಾಲಿ. ಮೂರ್ ಹೆದರಿ ಓಡಿ ಕೆಳಗೆ ಬಂದು ಇನ್ನಷ್ಟು ಜನರನ್ನ ಕರ್ಕೊಂಡು ಹೋಗಿ ಪೂರ್ತಿ ಹುಡುಕಿದ. ದೀಪ ಒರೆಸಿತ್ತು, ಎಣ್ಣೆ ತುಂಬಿತ್ತು, ಪರದೆ ಎಳೆದಿತ್ತು. ಲಾಗ್ ಪುಸ್ತಕದಲ್ಲಿ, ಅಂದ್ರೆ ದಿನದಿನದ ಲೆಕ್ಕ ಬರೆಯೋ ಪುಸ್ತಕದಲ್ಲಿ, 13ರವರೆಗೆ ಬರೆದಿತ್ತು, ಅದರ ಮುಂದಿನ ವಿವರ ಸ್ಲೇಟ್ ಮೇಲೆ. ಸ್ಲೇಟಲ್ಲಿ ಕೊನೇದು 15ರ ಬೆಳಗ್ಗೆ ದೀಪ ಆರಿಸಿದ ಟೈಮು, 9 ಗಂಟೆಯ ಬ್ಯಾರೋಮೀಟರ್, ಥರ್ಮಾಮೀಟರ್, ಗಾಳಿ ಲೆಕ್ಕ.

ಅಂದ್ರೆ ನೋಡಿ, 15ನೇ ತಾರೀಖು ಶನಿವಾರ ಬೆಳಗಿನ ಕೆಲಸ ಅಷ್ಟೂ ನೀಟಾಗಿ ಮುಗಿದಿತ್ತು. ಸಂಜೆ ದೀಪ ಹಚ್ಚೋಕೆ ಮಾತ್ರ ಯಾರೂ ಉಳಿದಿರ್ಲಿಲ್ಲ. ಆರ್ಕ್ಟರ್ ಕತ್ತಲೆ ನೋಡಿದ್ದೂ ಅದೇ ರಾತ್ರಿ. ಎರಡೂ ಹೊಂದ್ಕೊಳ್ಳತ್ತೆ.

ಪ್ರಶ್ನೆ: ಟೇಬಲ್ ಮೇಲೆ ಅರ್ಧ ತಿಂದ ಊಟ, ಬಿದ್ದ ಕುರ್ಚಿ ಇತ್ತಂತಲ್ಲ?

ಇರ್ಲಿಲ್ಲ. ಅದು 1912ರಲ್ಲಿ ಬಂದ ಒಂದು ಇಂಗ್ಲಿಷ್ ಪದ್ಯದಿಂದ ಹುಟ್ಟಿದ್ದು, ಕವಿ ಕಲ್ಪನೆ. ಒಳಗೆ ಮೊದಲು ಕಾಲಿಟ್ಟ ಮೂರ್ ಬರೆದ ಕಾಗದದಲ್ಲಿ ಪಾತ್ರೆಗಳೆಲ್ಲ ತೊಳೆದು ಸ್ವಚ್ಛವಾಗಿದ್ವು, ಮಧ್ಯಾಹ್ನದ ಊಟ ಮುಗಿಸಿದ ಮೇಲೇ ಅವರು ಹೋಗಿರಬೇಕು ಅಂತಿದೆ. ಊಟ ಮಾಡಿ ಪಾತ್ರೆ ತೊಳೆದಿಟ್ಟು ಹೋದವರನ್ನ ತಟ್ಟೆ ಬಿಟ್ಟು ಓಡಿದವರು ಅಂತ ಮಾಡಿಬಿಟ್ರು.

ಪ್ರಶ್ನೆ: ಲಾಗ್ ಪುಸ್ತಕದಲ್ಲಿ "ಇಂಥ ಬಿರುಗಾಳಿ ಕಂಡಿಲ್ಲ, ಮೆಕಾರ್ಥರ್ ಅಳ್ತಿದ್ದಾನೆ, ಎಲ್ಲರೂ ಪ್ರಾರ್ಥನೆ ಮಾಡಿದ್ವಿ" ಅಂತೆಲ್ಲ ಇದೆಯಂತೆ?

ದಯವಿಟ್ಟು ಇದನ್ನ ಫಾರ್ವರ್ಡ್ ಮಾಡ್ಬೇಡಿ. ಇದು 1929ರಲ್ಲಿ ಅಮೆರಿಕದ ಒಂದು ರೋಚಕ ಕಥೆಗಳ ಪತ್ರಿಕೆಯಲ್ಲಿ ಬಂದಿದ್ದು, ಅದಕ್ಕೆ ಮೊದಲಿನ ಯಾವ ದಾಖಲೆಯಲ್ಲೂ ಅದರ ಸುಳಿವಿಲ್ಲ. ಯೋಚನೆ ಮಾಡಿ ನೋಡಿದ್ರೂ ಗೊತ್ತಾಗತ್ತೆ. ಲೈಟ್‌ಹೌಸ್ ಲಾಗ್ ಅಂದ್ರೆ ಗಾಳಿ, ಒತ್ತಡ, ದೀಪ ಹಚ್ಚಿದ್ದು ಆರಿಸಿದ್ದು, ಇಷ್ಟೇ ಬರೆಯೋ ಆಫೀಸ್ ಪುಸ್ತಕ, ಮೇಲಧಿಕಾರಿ ಬಂದು ಓದಿ ಚೆಕ್ ಮಾಡೋದು. ಆ ಕಥೆ ಹೇಳೋ ಹಾಗೆ ಅದರಲ್ಲಿ ಮಾರ್ಷಲ್ ಥರದ ಕಿರಿಯ ನೌಕರ ತನ್ನ ಸಾಹೇಬ ಡಕಟ್‌ಗೆ ಇವತ್ತು ಸಿಡುಕು ಜಾಸ್ತಿ ಅಂತ ಬರೀತಾನಾ? ಜೊತೆಗೆ ಆ ಕಥೆಯಲ್ಲಿ 15ರವರೆಗೂ ಲಾಗ್ ಪುಸ್ತಕದಲ್ಲೇ ಬರೆದಿದೆ ಅಂತಾರೆ, ನಿಜವಾದ ಪುಸ್ತಕ 13ಕ್ಕೇ ನಿಂತಿದೆ. ಅವತ್ತಿಂದ ಇವತ್ತಿನವರೆಗೆ ಒಬ್ಬ ಮನುಷ್ಯನನ್ನ ಅಳದೇ ಇದ್ರೂ ಅತ್ತವನು ಅಂತ ಜಗತ್ತಿಗೆಲ್ಲ ತೋರಿಸ್ತಾ ಇದ್ದೀವಿ, ಅವನಿಗೂ ಮಕ್ಕಳು ಮೊಮ್ಮಕ್ಕಳು ಇದ್ರು ಅನ್ನೋದು ಮರೆತು.

ಪ್ರಶ್ನೆ: ಹಾಗಾದ್ರೆ ನಿಜವಾಗಿ ಏನಾಗಿರಬಹುದು?

ಮ್ಯೂರ್‌ಹೆಡ್ 29ಕ್ಕೆ ದ್ವೀಪಕ್ಕೆ ಹೋಗಿ ತನಿಖೆ ಮಾಡಿ 1901ರ ಜನವರಿ 8ಕ್ಕೆ ವರದಿ ಕೊಟ್ರು. ಪೂರ್ವದ ಇಳಿದಾಣದಲ್ಲಿ ಎಲ್ಲಾ ಸರಿಯಾಗಿತ್ತು. ಪಶ್ಚಿಮದ ಕಡೆ ಆಗಿದ್ದ ಹಾಳು ಮಾತ್ರ ಕಣ್ಣಾರೆ ನೋಡದೆ ನಂಬೋಕಾಗಲ್ಲ ಅಂತ ಅವರೇ ಬರೆದಿದ್ದಾರೆ. ಕಬ್ಬಿಣದ ಕಂಬಿಗಳು ಬಗ್ಗಿದ್ವು, ಒಂದು ಟನ್ ಮೀರಿದ ಕಲ್ಲುಬಂಡೆ ಮೇಲಿಂದ ಜರುಗಿ ದಾರಿ ಮೇಲೆ ಬಿದ್ದಿತ್ತು. ಸಮುದ್ರದಿಂದ 110 ಅಡಿ ಎತ್ತರದಲ್ಲಿ ಬಂಡೆ ಸಂದಿಯಲ್ಲಿಟ್ಟಿದ್ದ ಹಗ್ಗದ ಪೆಟ್ಟಿಗೆ ಇಲ್ಲ, ಹಗ್ಗಗಳು ಕೆಳಗೆ ಚೆಲ್ಲಾಪಿಲ್ಲಿ. ಅದೇ ಎತ್ತರದಲ್ಲಿ ಕಂಬಿಗೆ ಕಟ್ಟಿದ್ದ ಲೈಫ್‌ಬಾಯ್ (ನೀರಿಗೆ ಬಿದ್ದವರಿಗೆ ಎಸೆಯೋ ತೇಲುವ ಬಳೆ) ಇಲ್ಲ, ಅದನ್ನ ಕಟ್ಟಿದ ಹಗ್ಗ ಮಾತ್ರ ಹಾಗೇ ಇದೆ, ಅಂದ್ರೆ ಯಾರೂ ಬಿಚ್ಚಿಲ್ಲ, ಕಡಲೇ ಕಿತ್ಕೊಂಡು ಹೋಗಿದೆ. ಇನ್ನೂ ಮೇಲೆ, 200 ಅಡಿ ಎತ್ತರದ ಬಂಡೆ ನೆತ್ತಿಯಲ್ಲಿ, ಅಂಚಿನಿಂದ ಹತ್ತು ಮೀಟರ್ ಒಳಗಿನವರೆಗೆ ಹುಲ್ಲುಹಾಸು ಕಿತ್ತು ಹೋಗಿತ್ತು.

ಡಕಟ್, ಮಾರ್ಷಲ್ ಇಬ್ಬರ ಗಮ್‌ಬೂಟು, ಮಳೆಕೋಟು ಮನೇಲಿರ್ಲಿಲ್ಲ. ಅವನ್ನ ಹಾಕ್ಕೊಳ್ಳೋದು ಇಳಿದಾಣಕ್ಕೆ ಹೋಗೋವಾಗ ಮಾತ್ರ ಅಂತ ಮೂರ್ ಹೇಳಿದ. ಮ್ಯೂರ್‌ಹೆಡ್ ಬಂದ ತೀರ್ಮಾನ ಇದು: 15ರ ಮಧ್ಯಾಹ್ನ ಊಟ ಆದ್ಮೇಲೆ ಹಗ್ಗದ ಪೆಟ್ಟಿಗೆ ಭದ್ರ ಮಾಡೋಣ ಅಂತ ಕೆಳಗಿಳಿದಿದ್ದಾರೆ, ಎಣಿಸದೇ ಇದ್ದ ಒಂದು ದೊಡ್ಡ ಅಲೆ ಅವರು ನಿಂತ ಜಾಗಕ್ಕಿಂತ ಮೇಲಕ್ಕೆ ಏರಿ, ವಾಪಸ್ ಇಳಿಯೋವಾಗ ಅವರನ್ನ ಎಳ್ಕೊಂಡು ಹೋಗಿದೆ. ಗಾಳಿ ಹಾರಿಸಿರಬಹುದಾ ಅಂತಲೂ ಯೋಚಿಸಿದ್ರು, ಆದ್ರೆ ಗಾಳಿ ಪಶ್ಚಿಮದ್ದು, ಹಾರಿಸಿದ್ರೆ ದ್ವೀಪದ ಒಳಕ್ಕೆ ಹಾರಿಸಬೇಕಿತ್ತು. ಆ ಹಾಳಲ್ಲಿ ಒಂದಿಷ್ಟು 15 ಆದ್ಮೇಲಿನ ಬಿರುಗಾಳಿಯಲ್ಲೂ ಆಗಿರಬಹುದು, ಒಪ್ತೀನಿ. ಆದ್ರೂ ಬೂಟು, ಕೋಟು, ತೊಳೆದ ಪಾತ್ರೆ, ಸ್ಲೇಟು ಎಲ್ಲಾನೂ ಒಟ್ಟಿಗೆ ಹೊಂದಿಸೋ ವಿವರಣೆ ಇದೊಂದೇ.

ಪ್ರಶ್ನೆ: 110 ಅಡಿಗೆ ಅಲೆ ಬರೋದು ಸಾಧ್ಯನಾ?

ತೆರೆದ ಸಮುದ್ರದ ಅಲೆ ಅಷ್ಟೆತ್ತರ ಇರಬೇಕಾಗಿಲ್ಲ. ಪಶ್ಚಿಮದ ಇಳಿದಾಣದ ಹತ್ತಿರ ಬಂಡೆಯೊಳಗೆ ಉದ್ದಕ್ಕೆ ಹೋಗಿ ಗುಹೆಯಲ್ಲಿ ಕೊನೆಯಾಗೋ ಇಕ್ಕಟ್ಟು ಸೀಳೊಂದಿದೆ. ಅಟ್ಲಾಂಟಿಕ್‌ನ ಅಲೆ ಅದರೊಳಗೆ ನುಗ್ಗಿದ್ರೆ ಹೋಗೋಕೆ ಜಾಗ ಇಲ್ಲದೆ ಒತ್ತಿಕೊಂಡು ಮೇಲಕ್ಕೆ ಸಿಡಿಯತ್ತೆ. ಈ ದ್ವೀಪದಿಂದ ಪಶ್ಚಿಮಕ್ಕೆ ಕೆನಡಾ ತನಕ ಅಡ್ಡ ಇಲ್ಲದ ಬಯಲು ಸಮುದ್ರ, ಮಧ್ಯೆ ಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ಇಲ್ಲಿ ಗಾಳಿ ಇಳಿದ ಮೇಲೂ ಬರ್ತಾ ಇರತ್ತೆ. ನಾಲ್ಕೈದು ಸಾಧಾರಣ ಅಲೆ ನೋಡಿ ಪರವಾಗಿಲ್ಲ ಅನ್ಕೊಂಡು ಇಳಿದವರ ಮೇಲೆ ಆರನೇದು ಬೇರೆಯೇ ಥರ ಬರಬಹುದು. 1950ರ ದಶಕದಲ್ಲಿ ಅಲ್ಲಿದ್ದ ಕೀಪರ್ ಒಬ್ಬರು ಈ ಸೀಳಲ್ಲಿ ಅಲೆ ಏರೋದನ್ನ ವರ್ಷಗಟ್ಟಲೆ ಗಮನಿಸಿ ಇದೇ ತೀರ್ಮಾನಕ್ಕೆ ಬಂದಿದ್ರು.

ಪ್ರಶ್ನೆ: ಒಬ್ಬರು ಒಳಗೇ ಇರಬೇಕು ಅನ್ನೋ ರೂಲ್ಸ್ ಇತ್ತಲ್ಲ, ಮೂರನೆಯವನು ಯಾಕೆ ಹೋದ?

ಇದಕ್ಕೆ ಸಾಕ್ಷಿ ಒಂದೇ, ಮೆಕಾರ್ಥರ್ ಕೋಟು ಮನೇಲೇ ಇತ್ತು. ಡಿಸೆಂಬರ್ ಚಳೀಲಿ ಬರೀ ಶರ್ಟಲ್ಲಿ ಹೊರಗೆ ಹೋಗಿದ್ದಾನೆ. ಒಬ್ಬ ಕೊಚ್ಚಿ ಹೋದಾಗ ಇನ್ನೊಬ್ಬ ಸಹಾಯಕ್ಕೆ ಅಂತ ಮೇಲೆ ಓಡಿ ಬಂದು ಕರೆದಿರಬಹುದು, ಇಲ್ಲಾ ದೊಡ್ಡ ಅಲೆ ಬರ್ತಿರೋದು ಮೇಲಿಂದ ಕಂಡು ಎಚ್ಚರಿಸೋಕೆ ಓಡಿರಬಹುದು. ಗೇಟು ಬಾಗಿಲು ಹಾಕಿದ್ದು ನೋಡಿದ್ರೆ ಪೂರ್ತಿ ಗಾಬರಿಯಲ್ಲಿ ಓಡಿದ ಹಾಗೂ ಅನ್ಸಲ್ಲ ಅಂತ ಕೆಲವರು ವಾದ ಮಾಡ್ತಾರೆ, ಗಾಳಿಗೆ ಹಾಕ್ಕೊಂಡಿರಬಹುದು ಅಂತ ಇನ್ನು ಕೆಲವರು. ನನಗಂತೂ ಆ ಕೋಟು ಸಾಕು. ಕೆಳಗೆ ಜೊತೆಗಾರರು ಅಪಾಯದಲ್ಲಿದ್ರು, ಅವನು ಹೋದ.

ಪ್ರಶ್ನೆ: ಒಬ್ಬ ಹುಚ್ಚು ಹಿಡಿದು ಇನ್ನಿಬ್ಬರನ್ನ ಕೊಂದನಂತೆ, ಭೂತವಂತೆ, ಗೂಢಚಾರರಂತೆ?

ಯಾವುದಕ್ಕೂ ಒಂದೇ ಒಂದು ಆಧಾರ ಇಲ್ಲ. ಜಗಳದ ಗುರುತಿಲ್ಲ, ರಕ್ತ ಇಲ್ಲ, ಒಂದು ಸಾಮಾನು ಆಚೀಚೆ ಆಗಿರ್ಲಿಲ್ಲ.

ಪ್ರಶ್ನೆ: ಶವ ಸಿಕ್ತಾ? ಮನೆಯವರ ಕಥೆ?

ಸಿಗಲಿಲ್ಲ. ಡಕಟ್‌ಗೆ ಹೆಂಡ್ತಿ, ನಾಲ್ಕು ಮಕ್ಕಳು. ಮೆಕಾರ್ಥರ್‌ಗೆ ಹೆಂಡ್ತಿ, ಇಬ್ಬರು ಮಕ್ಕಳು. ಮಾರ್ಷಲ್‌ಗೆ ಮದುವೆ ಆಗಿರ್ಲಿಲ್ಲ. ಮ್ಯೂರ್‌ಹೆಡ್ ವರದಿ ಸರಕಾರಿ ಭಾಷೆಯಲ್ಲೇ ಇದೆ, ಆದ್ರೆ ಒಂದು ಕಡೆ ಮಾತ್ರ ಆ ಮನುಷ್ಯನ ಸಂಕಟ ಹೊರಗೆ ಬರತ್ತೆ. ಡಕಟ್, ಮಾರ್ಷಲ್ ಇಬ್ಬರನ್ನೂ ಈ ಹೊಸ ಲೈಟ್‌ಹೌಸಿಗೆ ಆರಿಸಿ ಶಿಫಾರಸು ಮಾಡಿದ್ದು ತಾನೇ, ಕೊನೇದಾಗಿ ಅವರ ಕೈ ಕುಲುಕಿ ಬೀಳ್ಕೊಂಡವನೂ ತಾನೇ ಅಂತ ಬರೆದಿದ್ದಾರೆ.

ಪ್ರಶ್ನೆ: ಆಮೇಲೆ ದೀಪ ಯಾವಾಗ ಹಚ್ಚಿದ್ರು?

ಅದೇ 26ರ ರಾತ್ರಿ. ಇದನ್ನ ಯಾರೂ ಹೇಳೋದೇ ಇಲ್ಲ. ಜೊತೆಗಾರರು ಮೂವರೂ ಇಲ್ಲ ಅಂತ ಕಣ್ಣಾರೆ ನೋಡಿದ ಮೂರ್, ಹಡಗಿನಿಂದ ತಾವಾಗೇ ಬಂದ ಮೂವರ ಜೊತೆ ಅಲ್ಲೇ ಉಳ್ಕೊಂಡು ದೀಪ ಹಚ್ಚಿದ. ಹಾರ್ವಿ ಬ್ರೇಸ್‌ಕ್ಲೀಟ್‌ಗೆ ವಾಪಸ್ ಹೋಗಿ ಫ್ಲಾನನ್‌ನಲ್ಲಿ ಘೋರ ಅಪಘಾತ ಆಗಿದೆ ಅಂತ ಎಡಿನ್‌ಬರೋದಲ್ಲಿದ್ದ ಬೋರ್ಡಿನ ಆಫೀಸಿಗೆ ಟೆಲಿಗ್ರಾಂ ಕೊಟ್ಟ. ಮೂರ್ ಮನಸ್ಸು ತುಂಬಾ ನೊಂದಿದೆ, ಹೀಗೇ ಇದ್ರೆ ಅವನನ್ನ ಬೇರೆ ಕಡೆ ವರ್ಗ ಮಾಡಬೇಕಾಗತ್ತೆ ಅಂತ ಮ್ಯೂರ್‌ಹೆಡ್ ಬರೆದ್ರು. ಬೇರೆ ಕೀಪರ್‌ಗಳು ಬಂದ್ರು, ಮುಂದೆ ಎಪ್ಪತ್ತು ವರ್ಷ ಅಲ್ಲಿ ಮನುಷ್ಯರು ಪಾಳಿ ಮಾಡಿದ್ರು. ಆ ಎಪ್ಪತ್ತು ವರ್ಷದ ಬಗ್ಗೆ ವಿಡಿಯೋ ಇಲ್ಲ, ಇರಬೇಕಿತ್ತು.

ಪ್ರಶ್ನೆ: ಈಗಲೂ ದೀಪ ಉರಿಯತ್ತಾ, ನೋಡೋಕೆ ಹೋಗಬಹುದಾ?

ಉರಿಯತ್ತೆ. 1971ರ ಸೆಪ್ಟೆಂಬರ್ 28ರಿಂದ ಆಟೋಮ್ಯಾಟಿಕ್, ಮನುಷ್ಯರು ಯಾರೂ ಇರಲ್ಲ, ರಿಪೇರಿಗೆ ಹೆಲಿಕಾಪ್ಟರ್‌ನಲ್ಲಿ ಬಂದು ಹೋಗ್ತಾರೆ. ಮಿಂಚಿನ ಲೆಕ್ಕ ಈಗಲೂ ಅದೇ, 30 ಸೆಕೆಂಡಿಗೆ ಎರಡು.

ಬೇಸಿಗೆ ತಿಂಗಳುಗಳಲ್ಲಿ ಲೂಯಿಸ್ ಕಡೆಯಿಂದ ಪ್ರವಾಸಿ ದೋಣಿಗಳು ಹೋಗ್ತಾವೆ, ಆದ್ರೆ ಇಳಿಯೋಕೆ ಆಗೋದು ಅಲೆ ಪೂರ್ತಿ ಇಳಿದಿದ್ರೆ ಮಾತ್ರ, ಎಷ್ಟೋ ಸಲ ಸುತ್ತು ಹಾಕಿಸಿ ವಾಪಸ್ ಕರ್ಕೊಂಡು ಬರ್ತಾರೆ. ಗೋಪುರದೊಳಗೆ ಬಿಡಲ್ಲ. ಸ್ಕಾಟ್ಲೆಂಡ್‌ನಲ್ಲಿ ಇರೋ ನಮ್ಮವರು ಯಾರಾದ್ರೂ ಹೋಗೋದಾದ್ರೆ ಬ್ರೇಸ್‌ಕ್ಲೀಟ್‌ನಲ್ಲೂ ಇಳೀರಿ. ಕೀಪರ್‌ಗಳ ಸಂಸಾರ ಇದ್ದ ಕಟ್ಟಡ ಈಗ ಜನ ವಾಸ ಮಾಡೋ ಫ್ಲ್ಯಾಟ್‌ಗಳಾಗಿದೆ, ಹೊರಗಿಂದ ನೋಡಬಹುದು. ಮೂವರ ಹೆಸರಲ್ಲಿ ಒಂದು ಸ್ಮಾರಕವೂ ಆ ಊರಲ್ಲಿದೆ.